ಜರೀಗಿಡ ಮತ್ತು ಒರಾಂಗುಟಾನ್ ಪಾಠ

ಅವರ ಬಲಗೈ ಹೆಬ್ಬೆರಳಿನ ಉಗುರಿನ ಎಡ ಅಂಚು ಯಾವಾಗಲೂ ಕೆಂಪಗಿರುತ್ತಿತ್ತು. ಗೋರಂಟಿಯ ಕೆಂಪಲ್ಲ. ಒಣಗಿದ ದಾಳಿಂಬೆ ಸಿಪ್ಪೆಯ ಹಾಗೆ ಸ್ವಲ್ಪ ಕಂದು ಬೆರೆತದ್ದು. ಗಾಜಿನ ಪಟ್ಟಿಯ ಮೇಲೆ ಬೇರಿನ ತುದಿಯಿಟ್ಟು, ಬಣ್ಣದ ಹನಿ ಹಾಕಿ, ಮೇಲೆ ತೆಳುಗಾಜು ಮುಚ್ಚಿ ಹೆಬ್ಬೆರಳಿನಿಂದ ಒತ್ತಿದಾಗ ಪಕ್ಕಕ್ಕೆ ಒಸರುವ ಬಣ್ಣ ಅದು. ಜೀವಕೋಶದೊಳಗಿನ ವರ್ಣತಂತುಗಳು ಬಿಡಿಬಿಡಿಯಾಗಿ ಕಾಣಬೇಕಾದರೆ ಹಾಗೆ ಒತ್ತಲೇಬೇಕು. ಜಾಸ್ತಿ ಒತ್ತಿದರೆ ಗಾಜು ಒಡೆಯುತ್ತದೆ, ಕಡಿಮೆ ಒತ್ತಿದರೆ ಏನೂ ಕಾಣುವುದಿಲ್ಲ. ಅವರ ಕೈಯಲ್ಲಿ ಗಾಜು ಒಡೆದದ್ದನ್ನು ನಾನು ನೋಡಿಲ್ಲ.

ಯಲಹಂಕದ ಒಂದು ಪದವಿ ಕಾಲೇಜಿನಲ್ಲಿ ಅವರು ಸಸ್ಯಶಾಸ್ತ್ರ ಕಲಿಸುತ್ತಿದ್ದರು. ನಾನು ಮೂರು ವರ್ಷ ಅವರ ವಿದ್ಯಾರ್ಥಿನಿಯಾಗಿದ್ದೆ. ಎಂ.ಎಸ್ಸಿ. ಮುಗಿಸಿ ಬಂದ ಮೇಲೆ ಅದೇ ವಿಭಾಗದಲ್ಲಿ ಅತಿಥಿ ಉಪನ್ಯಾಸಕಿಯಾಗಿ ಎರಡು ವರ್ಷ ಅವರ ಪಕ್ಕದ ಮೇಜಿನಲ್ಲಿ ಕೂತೆ. ಈ ಆಷಾಢದಲ್ಲಿ ಅವರು ತೀರಿಕೊಂಡರು. ಕಾಲೇಜಿನಲ್ಲಿ ಸಂತಾಪ ಸಭೆ ನಡೆಯಿತು. ಅವರ ಲ್ಯಾಬಿನಲ್ಲಿ ಅಷ್ಟು ವರ್ಷಗಳಲ್ಲಿ ಒಂದು ತಪ್ಪೂ ನಡೆಯಲಿಲ್ಲವೆಂದು ಮಾತಾಡಿದವರೆಲ್ಲ ಹೇಳಿದರು. ನನಗೂ ಎರಡು ನಿಮಿಷ ಕೊಟ್ಟಿದ್ದರು. ನಾನೂ ಅದನ್ನೇ ಹೇಳಿ ಕೂತೆ. ಅದು ನಿಜವಲ್ಲವೆಂದು ಚೆನ್ನಾಗಿ ಗೊತ್ತಿದ್ದ ಇನ್ನೊಬ್ಬಳು ಹಿಂದಿನ ಸಾಲಿನಲ್ಲಿದ್ದಳು. ಎಡಗೈ ಮೇಲೆ ದುಪಟ್ಟಾ ಎಳೆದುಕೊಂಡು ಕೂತಿದ್ದಳು.

ಸಭೆಯಲ್ಲಿ ಹೇಳದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ವರ್ಷದವರ ಮೊದಲ ತರಗತಿಯಲ್ಲಿ ಅವರು ಹಾಜರಿ ತೆಗೆದುಕೊಳ್ಳುತ್ತಿರಲಿಲ್ಲ. ಹಲಗೆಯ ನಡುವೆ ಮೇಲಿನಿಂದ ಕೆಳಗೆ ಒಂದು ಗೆರೆ ಎಳೆದು, ಎಡಕ್ಕೆ ‘ಅ’ ಎಂದೂ ಬಲಕ್ಕೆ ‘ಆ’ ಎಂದೂ ಬರೆಯುತ್ತಿದ್ದರು. ‘ಅ’ಗೆ ಪ್ರತಿ ಜೀವಕೋಶದಲ್ಲಿ ಸಾವಿರದ ಇನ್ನೂರ ಅರವತ್ತು ವರ್ಣತಂತುಗಳು. ‘ಆ’ಗೆ ನಲವತ್ತೆಂಟು. ‘ಅ’ ಲೆಕ್ಕವಿಲ್ಲದಷ್ಟು ಸಂತಾನವನ್ನು ಗಾಳಿಗೆ ತೂರಿಬಿಡುತ್ತದೆ, ತಿರುಗಿ ನೋಡುವುದಿಲ್ಲ. ‘ಆ’ ಒಂದು ಸಲಕ್ಕೆ ಒಂದೇ ಮಗು ಹೆತ್ತು ಏಳೆಂಟು ವರ್ಷ ಜೊತೆಯಲ್ಲೇ ಇಟ್ಟುಕೊಳ್ಳುತ್ತದೆ. ಇಷ್ಟು ಬರೆದು, ಯಾರು ಯಾರು ಹೇಳಿ ಎಂದು ನಮ್ಮ ಕಡೆ ತಿರುಗುತ್ತಿದ್ದರು.

ನಮ್ಮ ಬ್ಯಾಚಿನಲ್ಲಿ ಜಾಲಹಳ್ಳಿಯ ಕ್ವಾರ್ಟರ್ಸಿನಿಂದ ಬರುತ್ತಿದ್ದ ಹುಡುಗನೊಬ್ಬ ಮೊದಲು ಎದ್ದು ನಿಂತ. “ಅ ಮನುಷ್ಯ ಅಲ್ವಾ ಮಿಸ್? ನಂಬರ್ ಜಾಸ್ತಿ ಇದೆ, ಮಕ್ಕಳನ್ನ ತಿರುಗಿ ನೋಡಲ್ಲ. ನಮ್ಮಪ್ಪನ ಥರಾನೇ ಇದೆ.”

ಎಲ್ಲರೂ ನಕ್ಕರು. ಅವರು ನಗಲಿಲ್ಲ. “ನಿಮ್ಮಪ್ಪಂಗೆ ನಲವತ್ತಾರೇ ಕಣೋ. ಪಾಪ, ಅಷ್ಟರಲ್ಲೇ ಏನೋ ಮಾಡ್ತಿದಾರೆ, ಬಿಡು,” ಎಂದರು.

ಆಮೇಲೆ ಮೇಜಿನ ಕೆಳಗಿನಿಂದ ಒಂದು ಸಣ್ಣ ಕುಂಡ ತೆಗೆದು ಮೇಲಿಟ್ಟರು. ಅದರಲ್ಲಿ ಹೆಬ್ಬೆರಳುದ್ದದ ಒಂದೇ ಒಂದು ಎಲೆ, ಆ ಎಲೆಯ ಬುಡದಿಂದ ಹಾವಿನ ನಾಲಿಗೆಯ ಹಾಗೆ ಎದ್ದ ಒಂದು ಕಡ್ಡಿ. ಅದು ಓಫಿಯೋಗ್ಲಾಸಮ್ ಎಂಬ ಜರೀಗಿಡ. ಹುಲ್ಲಿನ ನಡುವೆ ಇದ್ದರೆ ತುಳಿದುಕೊಂಡು ಹೋಗುವಂಥದ್ದು. ಇಷ್ಟು ವರ್ಣತಂತುಗಳಿರುವ ಜೀವಿ ಇನ್ನೊಂದು ಸಿಕ್ಕಿಲ್ಲ ಎಂದು ಅವರು ಹೇಳಿದಾಗ ನಾವು ನಂಬಲಿಲ್ಲ. ‘ಆ’ ಹಳೆಯ ಕ್ಯಾಲೆಂಡರಿನಿಂದ ಕತ್ತರಿಸಿದ ಚಿತ್ರದಲ್ಲಿತ್ತು. ಬೋರ್ನಿಯೋ ಕಾಡಿನ ಒರಾಂಗುಟಾನ್, ಬೆನ್ನ ಮೇಲೆ ಮರಿ.

ಜರೀಗಿಡ ಹಿಂದಿನ ಕಾಲದಿಂದ ತನ್ನ ವರ್ಣತಂತುಗಳ ಪೂರ್ತಿ ಕಟ್ಟನ್ನೇ ಮತ್ತೆ ಮತ್ತೆ ಇಮ್ಮಡಿ ಮಾಡಿಕೊಳ್ಳುತ್ತ ಬಂದಿದೆ, ಏನನ್ನೂ ಬಿಸಾಡಿಲ್ಲ ಎಂದು ವಿವರಿಸಿದರು. “ನಮ್ಮಜ್ಜಿ ಅಟ್ಟದ ಥರ. ಹಳೇ ಪಾತ್ರೆ, ಮುರಿದ ತೊಟ್ಟಿಲು ಎಲ್ಲಾ ಇದೆ. ಯಾವುದು ಯಾತಕ್ಕೆ ಅಂತ ಅಜ್ಜಿಗೂ ಗೊತ್ತಿಲ್ಲ.” ಒರಾಂಗುಟಾನ್ ಹಾಗಲ್ಲ. ಯಾವ ಮರ ಯಾವ ತಿಂಗಳು ಹಣ್ಣು ಬಿಡುತ್ತದೆ, ಯಾವ ತೊಗಟೆ ತಿನ್ನಬಹುದು, ಮಲಗುವುದಕ್ಕೆ ಕೊಂಬೆಗಳನ್ನು ಹೇಗೆ ಮಡಿಸಬೇಕು, ಇವು ಯಾವುವೂ ಆ ನಲವತ್ತೆಂಟರಲ್ಲಿ ಬರೆದಿಲ್ಲ. ತಾಯಿ ತೋರಿಸಬೇಕು, ಮರಿ ನೋಡಬೇಕು. ಬೇಟೆಗಾರರು ತಾಯಿಯನ್ನು ಕೊಂದರೆ ಮರಿಯ ಬಳಿ ವರ್ಣತಂತುಗಳೆಲ್ಲ ಸರಿಯಾಗೇ ಇರುತ್ತವೆ, ಆದರೆ ಹಣ್ಣಿನ ಮರದ ಪಕ್ಕದಲ್ಲೇ ಅದು ಹಸಿದು ಕೂರಬಹುದು.

ಕಡೆಗೆ ಹಲಗೆಯ ತಳದಲ್ಲಿ ಒಂದು ಸಾಲು ಬರೆಯುತ್ತಿದ್ದರು: ಮರೆತರೆ? ಜರೀಗಿಡದ ಕೆಳಗೆ, ‘ಏನೂ ಆಗುವುದಿಲ್ಲ’. ಒರಾಂಗುಟಾನ್ ಕೆಳಗೆ, ‘ಉಳಿಯುವುದಿಲ್ಲ’. ಕೈ ಒರೆಸಿಕೊಂಡು ಹೊರಟುಬಿಡುತ್ತಿದ್ದರು.

ಆ ವರ್ಷದ ಪರೀಕ್ಷೆಯಲ್ಲಿ ನಾನು, ಜರೀಗಿಡ ಯಾರ ಹಂಗೂ ಇಲ್ಲದೆ ಒಂಟಿಯಾಗಿ ಬದುಕುತ್ತದೆ ಎಂದೆಲ್ಲ ಒಂದು ಪುಟ ಬರೆದಿದ್ದೆ. ಅವರು ಪೂರ್ತಿ ಪುಟಕ್ಕೆ ಅಡ್ಡಗೆರೆ ಎಳೆದು, ‘ಇದರ ಬೇರಿಗೆ ಊಟ ಹಾಕುವುದು ಮಣ್ಣಿನ ಶಿಲೀಂಧ್ರ. ಒಂಟಿ ಅಲ್ಲ. ಕಂಡದ್ದನ್ನು ಬರೆ’ ಎಂದು ಬರೆದಿದ್ದರು. ಅವರು ಹೊಗಳುತ್ತಿದ್ದ ಮಾತು ಒಂದೇ, ‘ಪರವಾಗಿಲ್ಲ’. ಐದು ವರ್ಷಗಳಲ್ಲಿ ನನಗೆ ಅದು ಎರಡು ಸಲ ಸಿಕ್ಕಿದೆ.

ಮಧ್ಯಾಹ್ನದ ಊಟ ಕಿಟಕಿಯ ಬಳಿ ನಿಂತೇ ಮುಗಿಯುತ್ತಿತ್ತು. ಮೊಸರನ್ನ, ಮಾಗಳಿ ಬೇರಿನ ಉಪ್ಪಿನಕಾಯಿ. ಆ ವಾಸನೆ ತಡೆಯಲಾರದೆ ಬೇರೆ ಉಪನ್ಯಾಸಕರು ಎದ್ದು ಹೋದರೆ ಅವರಿಗೆ ಒಳಗೊಳಗೇ ಖುಷಿ. ಮದುವೆಯಾಗಿರಲಿಲ್ಲ. ಶೆಟ್ಟಿಹಳ್ಳಿಯಲ್ಲಿ ಮನೆ. ಕೆಳಗೆ ಅವರು, ಮೇಲೆ ತಮ್ಮನ ಸಂಸಾರ. ದಿನಾ ಬಸ್ಸಿನಲ್ಲಿ ಬಂದು ಒಂಬತ್ತಕ್ಕೆ ಲ್ಯಾಬಿನ ಬೀಗ ತೆಗೆಯುತ್ತಿದ್ದರು.

ನಮ್ಮ ಕಾಲೇಜಿನ ಮೇಲೆ ವಾಯುಪಡೆಯ ತರಬೇತಿ ವಿಮಾನಗಳು ಹಾರುತ್ತವೆ. ಹಾರುವಾಗ ಏನೂ ಕೇಳಿಸುವುದಿಲ್ಲ. ಉಳಿದವರು ಗಂಟಲು ಏರಿಸುತ್ತಾರೆ, ಇಲ್ಲವೆ ಗೊಣಗುತ್ತಾರೆ. ಅವರು ಪದದ ನಡುವೆಯೇ ನಿಲ್ಲಿಸುತ್ತಿದ್ದರು. ಸದ್ದು ಕಳೆದ ಮೇಲೆ ನಿಲ್ಲಿಸಿದ ಅಕ್ಷರದ ಮುಂದಿನ ಅಕ್ಷರದಿಂದ ಶುರು ಮಾಡುತ್ತಿದ್ದರು. ಅವರು ಕೊನೆಯ ಅಕ್ಷರವನ್ನು ಬಾಯಲ್ಲೇ ಹಿಡಿದಿಟ್ಟುಕೊಂಡಿರುತ್ತಾರೆಂದು ನಾವು ಆಡಿಕೊಳ್ಳುತ್ತಿದ್ದೆವು.

ಲ್ಯಾಬಿನಲ್ಲಿ ಅವರಿಗೆ ಇದ್ದದ್ದು ಒಂದೇ ಕೆಟ್ಟ ಅಭ್ಯಾಸ. ಬಾಟಲಿಗಳಿಗೆ ಚೀಟಿ ಅಂಟಿಸುತ್ತಿರಲಿಲ್ಲ. ಆಮ್ಲದ ಹಬೆಗೆ ಚೀಟಿಯ ಅಕ್ಷರ ಅಳಿಸಿಹೋಗುತ್ತದೆ ಎಂಬುದು ಒಂದು ಕಾರಣ. ಇನ್ನೊಂದನ್ನು ಅವರೇ ಹೇಳುತ್ತಿದ್ದರು: “ಚೀಟಿ ಇದ್ರೆ ಓದ್ತೀರ, ನೋಡಲ್ಲ.” ಅಲ್ಲಿ ಜಾಗವೇ ಹೆಸರು. ವಿದ್ಯಾರ್ಥಿಗಳ ಮೇಜಿನ ಮೇಲೆ ಮೂರು ಕಂದು ಬಾಟಲಿಗಳು ಸಾಲಾಗಿರುತ್ತಿದ್ದವು. ಮೊದಲನೆಯದು ಬಣ್ಣ, ಎರಡನೆಯದು ನೀರು ಬೆರೆಸಿದ ಆಮ್ಲ, ಮೂರನೆಯದು ಸ್ಪಿರಿಟ್. ನೀರು ಬೆರೆಸದ ಕಡು ಆಮ್ಲ ಕೆಳಗಿನ ಕಪಾಟಿನಲ್ಲಿರುತ್ತಿತ್ತು. ಅದನ್ನು ಅವರೊಬ್ಬರೇ ಮುಟ್ಟಬೇಕು. ಬೆಳಗ್ಗೆ ಬಾಟಲಿ ತುಂಬಿಸುವುದೂ ಅವರೇ. ಪ್ರತಿ ಬ್ಯಾಚಿನವರೂ ಆ ಕ್ರಮವನ್ನು ಮಗ್ಗಿಯ ಹಾಗೆ ಕಲಿತರು. ಯಾವತ್ತೂ ಏನೂ ಆಗಲಿಲ್ಲ.

ನಾನು ಕೆಲಸಕ್ಕೆ ಸೇರಿದ ವರ್ಷ, ಒಂದು ಮಧ್ಯಾಹ್ನ ಇಬ್ಬರೂ ಸೂಕ್ಷ್ಮದರ್ಶಕಗಳ ಮಸೂರ ಒರೆಸುತ್ತ ಕೂತಿದ್ದೆವು. ಅವರು ತಾವಾಗಿಯೇ ತಮ್ಮ ತಾಯಿಯ ವಿಷಯ ಎತ್ತಿದರು. ತಾಯಿಗೆ ಅರವತ್ತು ಆಗುವ ಮುಂಚೆಯೇ ಮರೆವು ಶುರುವಾಗಿತ್ತಂತೆ. ಮನೆಯವರೆಲ್ಲ ಗೊತ್ತಾದರೂ ಗೊತ್ತಿಲ್ಲದವರ ಹಾಗೆ ಇದ್ದರಂತೆ. ಉಪ್ಪು ಎರಡು ಸಲ ಹಾಕಿದ ಸಾರನ್ನು ಚೆನ್ನಾಗಿದೆ ಎಂದು ಉಣ್ಣುತ್ತಿದ್ದರಂತೆ.

“ಅಮ್ಮನಿಗೆ ಯಾರೂ ಹೇಳ್ಲೇ ಇಲ್ಲ. ಪ್ರೀತಿ ಅಂದ್ಕೊಂಡ್ವಿ,” ಎಂದರು. ಮಸೂರ ಕೆಳಗಿಟ್ಟು ನನ್ನನ್ನು ನೋಡಿದರು. “ನನಗೆ ಹಂಗಾದ್ರೆ ನೀನು ಹೇಳ್ಬೇಕು. ನೀನು ಕಂಡದ್ದನ್ನ ಕಂಡ ಹಾಗೆ ಹೇಳೋಳು. ಬೇರೆಯವರ ಬಾಯಿಂದ ಕೇಳೋಕೆ ನಂಗಿಷ್ಟ ಇಲ್ಲ.”

ಆಯಿತು ಮೇಡಂ ಎಂದೆ. ಅಂಥ ಮಾತಿಗೆ ಇನ್ನೇನು ಹೇಳುತ್ತಾರೆ?

ಮರುವರ್ಷ ಜುಲೈನಲ್ಲಿ ಒಂದು ವಿಮಾನ ಹಾರಿಹೋಯಿತು. ಅವರು ಪದದ ನಡುವೆ ನಿಲ್ಲಿಸಿದ್ದರು. ಸದ್ದು ಕಳೆಯಿತು. ತರಗತಿ ಕಾಯಿತು. ಅವರು ಸೀಮೆಸುಣ್ಣವನ್ನೇ ನೋಡುತ್ತ ನಿಂತು, ಕಡೆಗೆ ಎಲ್ಲಿದ್ದೆ ಎಂದು ಕೇಳಿದರು. ಮುಂದಿನ ಬೆಂಚಿನವರು ಹೇಳಿದರು. ನಾನು ಹಿಂದೆ ಹಾಜರಿ ಪುಸ್ತಕ ಹಿಡಿದು ಕೂತಿದ್ದೆ.

ಅದೇ ವಾರ ಹೊಸಬರಿಗೆ ಮೊದಲ ಪಾಠ. ಗೆರೆ ಎಳೆದರು. ಬರೆದರು. ಕುಂಡ ಇಟ್ಟರು. ಕೊನೆಯ ಸಾಲಿನಲ್ಲಿ, ಮರೆತರೆ ಎಂಬುದರ ಮುಂದೆ, ಜರೀಗಿಡದ ಕೆಳಗೆ ‘ಉಳಿಯುವುದಿಲ್ಲ’ ಎಂದೂ ಒರಾಂಗುಟಾನ್ ಕೆಳಗೆ ‘ಏನೂ ಆಗುವುದಿಲ್ಲ’ ಎಂದೂ ಬರೆದರು. ಕೈ ಒರೆಸಿಕೊಂಡು ಹೊರಟುಹೋದರು. ಹೊಸ ಹುಡುಗರು ಅದನ್ನು ಹಾಗೆಯೇ ಬರೆದುಕೊಂಡರು. ನಾನು ಎದ್ದು ಹಲಗೆ ಒರೆಸಿ, ಸರಿಯಾದದ್ದನ್ನು ಬರೆದು, ಮೇಡಂ ನಿಮ್ಮನ್ನು ಪರೀಕ್ಷಿಸುತ್ತಿದ್ದರು ಎಂದೆ. ಹುಡುಗರು ನಕ್ಕರು. ಎಷ್ಟು ಸುಲಭವಾಗಿ ಆ ಸುಳ್ಳು ಬಾಯಿಗೆ ಬಂತು ಎಂದು ನನಗೇ ಆಶ್ಚರ್ಯವಾಯಿತು.

ನಮ್ಮ ಅಟೆಂಡರ್ ಅಮೃತಹಳ್ಳಿಯ ಹಳೆಯ ಊರಿನವರು, ಐವತ್ತು ದಾಟಿದ ಹೆಂಗಸು. ಆಗಸ್ಟಿನಲ್ಲಿ ಒಂದು ದಿನ ಕಸ ಗುಡಿಸುತ್ತ ನನ್ನ ಮೇಜಿನ ಬಳಿ ನಿಂತರು. “ಅಮ್ಮಾವ್ರು ಇಂಗ್ ಇರ್ಲಿಲ್ಲ ಕಣಮ್ಮ. ನಿನ್ನೆ ಬೀಗ ಆಕಿದ್ಮೇಲೆ ಎಲ್ಡ್ ಸಲ ತಿರುಗಿ ಬಂದ್ರು.”

ಸುಸ್ತಾಗಿರಬೇಕು, ಮೌಲ್ಯಮಾಪನದ ಕೆಲಸ ಜಾಸ್ತಿ ಎಂದೆ.

“ನಮ್ಮತ್ತೇನೂ ಇಂಗೇ ಸುರು ಮಾಡಿದ್ದು,” ಎಂದು ಪೊರಕೆ ಎತ್ತಿಕೊಂಡು ಹೋದರು. ಮತ್ತೆ ಆ ಮಾತು ತೆಗೆಯಲಿಲ್ಲ. ನಾನು ಹೇಳುತ್ತೇನೆಂದು ಅವರು ಸುಮ್ಮನಾಗಿದ್ದರೋ ಏನೋ.

ಆ ತಿಂಗಳ ಕೊನೆಯಲ್ಲಿ, ತಪ್ಪಾಗಿ ತುಂಬಿದ ಬಾಟಲಿ ಮೊದಲ ಸಲ ಸಿಕ್ಕಿತು. ಬ್ಯಾಚ್ ಬರುವ ಮುಂಚೆ ಎರಡನೆಯ ಬಾಟಲಿಯ ಮುಚ್ಚಳ ಸಡಿಲವಾಗಿದೆ ಎಂದು ತೆಗೆದು ಮುಚ್ಚಲು ಹೋದೆ. ಬಾಟಲಿಯ ಬಾಯಿಂದ ಬಿಳಿ ಹೊಗೆ ಎದ್ದಿತು. ನೀರು ಬೆರೆಸಿದ ಆಮ್ಲ ಹಾಗೆ ಹೊಗೆಯಾಡುವುದಿಲ್ಲ. ಕಡು ಆಮ್ಲ ಮಾತ್ರ ಹೊಗೆಯಾಡುತ್ತದೆ. ನಾನು ಯಾರಿಗೂ ಹೇಳದೆ ಅದನ್ನು ಸರಿಪಡಿಸಿ ಅದೇ ಜಾಗದಲ್ಲಿಟ್ಟೆ. ಮರುದಿನದಿಂದ, ಅವರು ಬಾಟಲಿ ತುಂಬಿಸಿ ಕಾಫಿಗೆ ಹೋದ ಹತ್ತು ನಿಮಿಷದಲ್ಲಿ, ಲ್ಯಾಬಿಗೆ ಹೋಗಿ ಪ್ರತಿ ಮೇಜಿನ ಎರಡನೆಯ ಬಾಟಲಿ ತೆರೆದು ನೋಡುವುದನ್ನು ಅಭ್ಯಾಸ ಮಾಡಿಕೊಂಡೆ. ನವೆಂಬರ್ ಹೊತ್ತಿಗೆ ಇನ್ನೂ ನಾಲ್ಕು ಸಲ ಹೊಗೆ ಬಂದಿತ್ತು.

ಹೇಳಬೇಕಿತ್ತು. ಪ್ರತಿ ಸಲವೂ ವಾಕ್ಯವನ್ನು ಜೋಡಿಸಿಕೊಳ್ಳುತ್ತಿದ್ದೆ. ಅವರು ಕಾಫಿ ಮುಗಿಸಿ ಒಳಗೆ ಬಂದು, ಕನ್ನಡಕ ಮೇಲೇರಿಸಿ, ಏನಮ್ಮ ಎನ್ನುತ್ತಿದ್ದರು. ನಾನು ಏನಿಲ್ಲ ಮೇಡಂ ಎನ್ನುತ್ತಿದ್ದೆ. ನಿವೃತ್ತಿಗೆ ಇನ್ನು ಕೆಲವೇ ತಿಂಗಳು, ಅಲ್ಲಿಯವರೆಗೆ ನಾನು ಕಾದರೆ ಸಾಕು ಎಂದು ಲೆಕ್ಕ ಹಾಕಿಕೊಂಡಿದ್ದೆ. ಆಗಾಗ ಅವರು ಮಾತಿನ ನಡುವೆ ನನ್ನನ್ನು ದಿಟ್ಟಿಸಿ ನೋಡುತ್ತಿದ್ದರು. ಏನನ್ನೋ ಕಾಯುತ್ತಿರುವವರ ನೋಟ. ಆಗ ನಾನು ಮೇಜಿನ ಮೇಲಿನ ಕಾಗದ ಸರಿಮಾಡುತ್ತಿದ್ದೆ.

ನವೆಂಬರ್ ಕೊನೆಯ ಒಂದು ಮಂಗಳವಾರ ಕೋಗಿಲು ಕ್ರಾಸ್ ಬಳಿ ಲಾರಿ ಕೆಟ್ಟು ನಿಂತು ನನ್ನ ಬಸ್ಸು ನಲವತ್ತು ನಿಮಿಷ ಕದಲಲಿಲ್ಲ. ಸೀಟಿನಲ್ಲಿ ಕೂತು ಗಡಿಯಾರ ನೋಡುತ್ತಿದ್ದೆ. ಫೋನ್ ಕೈಯಲ್ಲೇ ಇತ್ತು. ಅಟೆಂಡರಿಗೆ ಮಾಡಿ ಬಾಟಲಿ ತೆಗೆದಿಡಿ ಎನ್ನಬಹುದಿತ್ತು. ಯಾಕೆ ಎಂದು ಅವರು ಕೇಳಿದರೆ ಹೇಳಬೇಕಾಗುತ್ತಿತ್ತು. ಮಾಡಲಿಲ್ಲ.

ನಾನು ಹೋಗುವಷ್ಟರಲ್ಲಿ ಕಾರಿಡಾರಿನ ನಲ್ಲಿಯ ಕೆಳಗೆ ಎರಡನೆಯ ವರ್ಷದ ಚೈತ್ರ ಎಡಗೈ ಹಿಡಿದು ನಿಂತಿದ್ದಳು. ಸ್ಲೈಡಿನ ಮೇಲೆ ಆಮ್ಲದ ಹನಿ ಹಾಕಿ ದೀಪದ ಮೇಲೆ ಹಿಡಿದಾಗ ಹೊಗೆ ಮುಖಕ್ಕೆ ಬಂದಿದೆ. ಬೆಚ್ಚಿ ಹಿಂದಕ್ಕೆ ಸರಿಯುವಾಗ ಬಾಟಲಿ ಉರುಳಿ ಕೈ ಮೇಲೆ ಚೆಲ್ಲಿದೆ. ಕಣ್ಣಿಗೆ ಏನೂ ಆಗಿರಲಿಲ್ಲ. ಹಿಂಗೈ ಚರ್ಮ ಮಣಿಕಟ್ಟಿನವರೆಗೆ ಬೆಳ್ಳಗಾಗಿ ಸುಕ್ಕುಗಟ್ಟಿತ್ತು.

ಮೇಡಂ ಬಾಗಿಲಲ್ಲಿ ನಿಂತು ಗದರುತ್ತಿದ್ದರು. ಕೆಳಗಿನ ಕಪಾಟನ್ನು ಮುಟ್ಟಬಾರದೆಂದು ಎಷ್ಟು ಸಲ ಹೇಳಿದ್ದೇನೆ ಎನ್ನುತ್ತಿದ್ದರು.

“ನಾನು ಕಪಾಟು ತೆಗ್ದೇ ಇಲ್ಲ ಮಿಸ್. ಎರಡನೇದೇ ತಗೊಂಡೆ,” ಎಂದಳು ಚೈತ್ರ. ಹಲ್ಲು ಕಚ್ಚಿಕೊಂಡಿದ್ದಳು.

“ಸುಳ್ಳು ಹೇಳ್ಬೇಡ. ನಾನೇ ತುಂಬಿಸಿದೀನಿ.”

ಅವರ ಧ್ವನಿಯಲ್ಲಿ ಅನುಮಾನದ ಎಳೆಯೂ ಇರಲಿಲ್ಲ. ಚೈತ್ರ ನನ್ನ ಕಡೆ ನೋಡಿದಳು. ಉಳಿದ ಹುಡುಗಿಯರೂ ನೋಡಿದರು. ನಾನು ಅವಳ ಕೈಯನ್ನು ನೀರಿನ ಕೆಳಗೆ ಸರಿಯಾಗಿ ಹಿಡಿದು, ಆಸ್ಪತ್ರೆಗೆ ಹೋಗೋಣ ಬಾ ಎಂದೆ. ಹೋಗುವ ಮುಂಚೆ ಅವಳಿಂದ, ಅನುಮತಿಯಿಲ್ಲದೆ ಕಡು ಆಮ್ಲ ತೆಗೆದುಕೊಂಡದ್ದು ನನ್ನ ತಪ್ಪು ಎಂದು ಮೇಡಂ ಒಂದು ಕಾಗದ ಬರೆಸಿಕೊಂಡರು. ಬಲಗೈ ಚೆನ್ನಾಗಿಯೇ ಇತ್ತಲ್ಲ, ಬರೆದಳು. ಆ ಕಾಗದಕ್ಕೆ ಸಾಕ್ಷಿ ಬೇಕೆಂದರು. ನಾನು ಸಹಿ ಹಾಕಿದೆ.

ಮಾರನೆಯ ದಿನ ಬೆಳಗ್ಗೆ ಏಳೂಕಾಲಿಗೆ ಶೆಟ್ಟಿಹಳ್ಳಿಯ ಅವರ ಮನೆಯ ಬಾಗಿಲು ತಟ್ಟಿದೆ. ಅವರು ಆಗಲೇ ಸ್ನಾನ ಮುಗಿಸಿ ಸೀರೆ ಉಟ್ಟಿದ್ದರು. ಏನಮ್ಮ ಇಷ್ಟು ಬೆಳಗ್ಗೆ ಎಂದು ಒಳಗೆ ಕರೆದು ದಿವಾನಿನ ಮೇಲೆ ಕೂರಿಸಿದರು.

“ಮೇಡಂ, ಚೈತ್ರ ನಿನ್ನೆ ಸರಿಯಾದ ಬಾಟಲಿಯನ್ನೇ ತಗೊಂಡಿದ್ದು. ಅದರಲ್ಲಿ ಕಡು ಆಮ್ಲ ಇತ್ತು. ತುಂಬಿಸಿದ್ದು ನೀವು.”

ಅವರು ಸಿಟ್ಟಾಗಲಿಲ್ಲ. ಮೌಖಿಕ ಪರೀಕ್ಷೆಯಲ್ಲಿ ಕೇಳುವ ಹಾಗೆ ಒಂದೊಂದೇ ಕೇಳಿದರು. ಬಾಟಲಿ ಆಮೇಲೆ ನೀನು ನೋಡಿದೆಯಾ? ಹೊಗೆ ಬಂತಾ? ಬೇರೆ ಮೇಜಿನವು ಹೇಗಿದ್ದವು? ನಾನು ಕಂಡದ್ದನ್ನು ಹೇಳಿದೆ. ಆಮೇಲೆ ಕೊನೆಯ ಪ್ರಶ್ನೆ ಕೇಳಿದರು.

“ಇದೇ ಮೊದಲ ಸಲಾನಾ?”

“ಹೌದು ಮೇಡಂ,” ಎಂದೆ.

ಅವರ ಭುಜ ಸಡಿಲವಾಯಿತು. ಆ ಕಾಗದ ಹರಿದುಹಾಕುತ್ತೇನೆ, ಆ ಹುಡುಗಿಯ ಬಳಿ ಕ್ಷಮೆ ಕೇಳುತ್ತೇನೆ, ಒಂದು ಸಲ ಆಗುವುದು ಯಾರಿಗಾದರೂ ಆಗುತ್ತದೆ ಎಂದರು. ಕಾಫಿ ಮಾಡುತ್ತೇನೆಂದು ಅಡುಗೆಮನೆಗೆ ಹೋದರು. ಸ್ಟೌ ಹೊತ್ತಿಸಿದ ಸದ್ದು ಕೇಳಿಸಿತು. ಆಮೇಲೆ ತುಂಬಾ ಹೊತ್ತು ಏನೂ ಕೇಳಿಸಲಿಲ್ಲ.

ಹೊರಗೆ ಬಂದಾಗ ಅವರ ಕೈಯಲ್ಲಿ ಕಾಫಿ ಇರಲಿಲ್ಲ. ಹೆಗಲಲ್ಲಿ ಕಾಲೇಜಿನ ಚೀಲ ಇತ್ತು. ನನ್ನನ್ನು ಕಂಡು ನಿಂತರು, ಮುಖ ಅರಳಿತು.

“ಅರೆ, ನೀನ್ ಯಾವಾಗ ಬಂದೆ? ಒಳ್ಳೇದಾಯ್ತು, ಜೊತೆಗೇ ಹೋಗೋಣ. ನಿನ್ನೆ ಆ ಹುಡುಗಿ ಮಾಡಿದ ರಾದ್ಧಾಂತಕ್ಕೆ ಬಾಟಲಿ ಎಲ್ಲಾ ಮತ್ತೆ ತುಂಬ್ಬೇಕು.”

ನಾನು ಎದ್ದು ಅಡುಗೆಮನೆಗೆ ಹೋದೆ. ಉರಿಯುತ್ತಿದ್ದ ಒಲೆಯ ಮೇಲೆ ಖಾಲಿ ಪಾತ್ರೆ ಕಪ್ಪಗಾಗುತ್ತಿತ್ತು. ಆರಿಸಿ ಬಂದೆ. ಅವರ ಹೆಗಲಿನಿಂದ ಚೀಲ ತೆಗೆದು ಕೆಳಗಿಟ್ಟು, ಕೂತ್ಕೊಳ್ಳಿ ಮೇಡಂ ಎಂದೆ. ಮೊದಲಿನಿಂದ ಮತ್ತೆ ಹೇಳಿದೆ. ಚೈತ್ರಳ ಕೈ, ಎರಡನೆಯ ಬಾಟಲಿ, ತುಂಬಿಸಿದವರು ಯಾರು. ಅವರು ಅದೇ ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ಕೇಳಿದರು. ನಾನು ಅದೇ ಉತ್ತರ ಕೊಟ್ಟೆ.

“ಇದೇ ಮೊದಲ ಸಲಾನಾ?”

“ಅಲ್ಲ ಮೇಡಂ. ಆರನೇ ಸಲ. ಐದು ಸಲ ನಾನು ನೋಡಿ ಬದಲಾಯಿಸಿ ಸುಮ್ಮನಿದ್ದೆ. ನೀವು ನನಗೆ ಹೇಳು ಅಂದಿದ್ರಿ. ನಾನು ಹೇಳ್ಲಿಲ್ಲ. ನಿನ್ನೆ ಆ ಕಾಗದಕ್ಕೆ ಸಹಿ ಹಾಕಿದ್ದೂ ನಾನೇ. ಈಗ ಹತ್ತು ನಿಮಿಷದ ಹಿಂದೆ ಇದೇ ದಿವಾನಿನ ಮೇಲೆ ಕೂತು ನಿಮಗೆ ಸುಳ್ಳು ಹೇಳಿದೆ. ಅದು ನಿಮಗೆ ನೆನಪಿಲ್ಲ.”

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಅಡುಗೆಮನೆಯಿಂದ ಸುಟ್ಟ ಪಾತ್ರೆಯ ವಾಸನೆ ಬರುತ್ತಿತ್ತು. ಅದು ಅವರ ಮೂಗಿಗೂ ತಾಗಿದ್ದು, ಯಾವುದರ ವಾಸನೆಯೆಂದು ಅವರಿಗೆ ಹೊಳೆದದ್ದು, ಎರಡೂ ನನಗೆ ಕಂಡವು. ಅವರು ದಿವಾನಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

“ಮೇಲೆ ತಮ್ಮ ಇದ್ದಾನೆ. ಕರಿ ಹೋಗು,” ಎಂದರು. ನಾನು ಬಾಗಿಲ ತನಕ ಹೋಗಿದ್ದೆ. “ಬೇಗ ಕರಿ. ನಾನು ಮರೆಯೋದ್ರೊಳಗೆ.”

ನಾನು ಬರಿಗಾಲಲ್ಲೇ ಮೆಟ್ಟಿಲು ಹತ್ತಿದೆ.